ನೆರಳಿನಲ್ಲಿ ಮೂವತ್ತಾರು

ಹತ್ತೂವರೆಗೆ ಫೋನಿಟ್ಟವನು ಕುರ್ಚಿಯಿಂದ ಎದ್ದ, ಮತ್ತೆ ಕೂತ, ಮತ್ತೆ ಎದ್ದ. ಏಳುವುದಕ್ಕೂ ಕಾರಣವಿರಲಿಲ್ಲ, ಕೂರುವುದಕ್ಕೂ ಇರಲಿಲ್ಲ. ಎದುರಿನ ಮೇಜಿನ ಟೈಪಿಸ್ಟ್ ತಲೆಯೆತ್ತಿ, "ಏನ್ ಸಾರ್, ಕುರ್ಚೀಲಿ ಮುಳ್ಳೇನಾದ್ರೂ ಇದೆಯಾ?" ಎಂದಳು. ಅವನು ನಗುವುದಕ್ಕೆ ಹೋದ, ತುಟಿ ಒಂದು ಕಡೆಗೆ ಎಳೆದುಕೊಂಡಿತೇ ಹೊರತು ನಗು ಬರಲಿಲ್ಲ. ಮೇಜಿನ ಮೇಲೆ ಬೀಜದ ಗೋದಾಮಿನ ತಣ್ಣನೆಯ ಕೋಣೆಯ ನಕ್ಷೆ ಹರಡಿತ್ತು. ಆ ಕೋಣೆ ಕಟ್ಟಿಸುತ್ತಿದ್ದ ಮೇಸ್ತ್ರಿಯೇ ಈಗ ಫೋನು ಮಾಡಿದ್ದು. "ಸಾರ್, ನಿಮ್ಮ ಹಾಳೇಲಿ ಹೊರಗಿನ ತಾಪಮಾನ ಮೂವತ್ತಾರು ಅಂತ ಬರೆದಿದೀರಿ. ಇಲ್ಲಿ ಮೇಲೆ ಶೆಡ್ಡಿಲ್ಲ ಸಾರ್. ಪಡುವಣ ಗೋಡೆ ಬಟಾಬಯಲಲ್ಲಿ ನಿಂತಿದೆ. ನಿನ್ನೆ ಸಂಜೆ ಸುಸ್ತಾಗಿ ಒರಗಿದೆ, ಬೆನ್ನು ಚುರ್ ಅಂತು. ಇದು ಮೂವತ್ತಾರಾ?" ಅವನು ಒಂದು ಕ್ಷಣವೂ ಯೋಚಿಸದೆ, "ಅದು ನೆರಳಿನ ಲೆಕ್ಕ ಮೇಸ್ತ್ರಿ. ಬಿಸಿಲು ಬಿದ್ದ ಗೋಡೆ ಹೊರಮೈ ಅರವತ್ತು ಮುಟ್ಟುತ್ತೆ. ತಡೀರಿ" ಎಂದು ಪೆನ್ಸಿಲು ತೆಗೆದು, ಒಳಗೆ ನಾಲ್ಕು, ಹೊರಗೆ ಅರವತ್ತು, ಅಂತರ ಐವತ್ತಾರು ಎಂದು ಗೀಚಿ, "ಮೂರಿಂಚು ಥರ್ಮೊಕೋಲು ಸಾಲಲ್ಲ, ಐದೂವರೆ ಇಂಚು ಹಾಕಿ" ಎಂದಿದ್ದ. "ಅದಕ್ಕೇ ನೋಡಿ ನಿಮ್ಮನ್ನ ಕೇಳೋದು, ನೀವಿದ್ರೆ ಕಣ್ಣು ಮುಚ್ಚಿಕೊಂಡು ಕಟ್ಟಬಹುದು" ಎಂದು ಮೇಸ್ತ್ರಿ ಹೊಗಳಿದ. ಹೊಗಳಿಕೆ ಇನ್ನೂ ಕಿವಿಯಲ್ಲಿರುವಾಗಲೇ, ಫೋನು ಇಡುತ್ತಿದ್ದ ಕೈ ಅರ್ಧದಲ್ಲಿ ನಿಂತಿತು. ಅವನ ಮನೆಯ ತಾರಸಿಯ ಮೇಲೆ ಅಕ್ಕನಿಗೆಂದು ಅವನೇ ಕಟ್ಟಿಸಿದ ರೂಮಿನ ಗೋಡೆಯೂ ಪಡುವಣಕ್ಕೇ ಇತ್ತು. ಅದರ ಮೇಲೂ ಶೆಡ್ಡಿರಲಿಲ್ಲ.

ಹದಿನೆಂಟು ವರ್ಷದಿಂದ ಅವನು ಮಾಡುತ್ತಿದ್ದುದು ಇದೊಂದೇ ಕೆಲಸ. ಗೋಡೆಯ ಆ ಬದಿಯ ಬಿಸಿ ಎಷ್ಟು, ಈ ಬದಿಯ ತಂಪು ಎಷ್ಟು, ನಡುವೆ ಇಟ್ಟಿಗೆ ಎಷ್ಟು ತಡೆಯುತ್ತದೆ, ಗಾರೆ ಎಷ್ಟು, ಥರ್ಮೊಕೋಲು ಎಷ್ಟು ಎಂದು ಕೂಡಿ, ಅಂತರವನ್ನು ತಡೆಯಿಂದ ಭಾಗಿಸಿ, ಒಂದು ಚದರ ಮೀಟರಿನಲ್ಲಿ ಎಷ್ಟು ಶಾಖ ಹಾದುಹೋಗುತ್ತದೆಂದು ಹೇಳುವುದು. ಯಾರು ಏನೇ ಕೇಳಿದರೂ ಕೊನೆಗೆ "ಇನ್ನೊಂದಿಂಚು ಇರಲಿ" ಎನ್ನುವುದು ಅವನ ಚಾಳಿ. ಅದಕ್ಕೆ ಕಂಪನಿಯವರೂ ಗಿರಾಕಿಗಳೂ ಅವನನ್ನು ಇಂಚು ಸಾರ್ ಎಂದೇ ಕರೆಯುತ್ತಿದ್ದರು. ಅವನಿಗೆ ಒಳಗೊಳಗೇ ಖುಷಿಯೇ. ಈ ಬೀಜದ ಗೋದಾಮೊಂದನ್ನು ಬಿಟ್ಟರೆ ಅವನ ಕಂಪನಿ ಕಟ್ಟುವ ತಣ್ಣನೆಯ ಕೋಣೆಗಳೆಲ್ಲ ದೊಡ್ಡ ದೊಡ್ಡ ಶೆಡ್ಡುಗಳ ಒಳಗೆ. ಅವುಗಳ ಗೋಡೆಗಳು ಹುಟ್ಟಿನಿಂದ ಬಿಸಿಲಿನ ಮುಖ ನೋಡಿದವಲ್ಲ. ಹಾಗಾಗಿ ಅಚ್ಚು ಹಾಕಿಸಿದ ಹಾಳೆಯಲ್ಲಿ 'ಹೊರಗಿನ ತಾಪಮಾನ' ಎಂಬ ಸಾಲಿನ ಮುಂದೆ ನೆರಳಿನ ಅಂಕಿ ಬರೆದು ಬರೆದು ಅವನ ಕೈ ಪಳಗಿಹೋಗಿತ್ತು. ಕಣ್ಣು ಹಾಳೆಯ ಮೇಲಿರಬೇಕೆಂದೇ ಇಲ್ಲ, ಮೂವತ್ತಾರು ತಾನಾಗಿ ಬಂದು ಕೂರುತ್ತಿತ್ತು. ಎರಡು ವರ್ಷದ ಹಿಂದೆ ಅಕ್ಕನ ರೂಮಿಗೂ ಅದೇ ಹಾಳೆ, ಅದೇ ಕೈ. ಒಳಗೆ ಮೂವತ್ತು, ಹೊರಗೆ ಮೂವತ್ತಾರು, ಅಂತರ ಆರು, ಗೋಡೆಯ ತಡೆ ಹೆಚ್ಚುಕಡಿಮೆ ಒಂದು, ಆದ್ದರಿಂದ ಚದರ ಮೀಟರಿಗೆ ಆರು ವ್ಯಾಟು. ಎಷ್ಟು ಚಂದದ ಲೆಕ್ಕ. ಈಗ ಬೀಜದ ಗೋದಾಮಿನ ನಕ್ಷೆಯ ಮೂಲೆಯಲ್ಲಿ, ಯಾರೋ ಹೆಗಲ ಮೇಲಿಂದ ಇಣುಕುತ್ತಿದ್ದಾರೇನೋ ಎಂಬಂತೆ ಮೊಣಕೈ ಅಡ್ಡ ಹಿಡಿದು, ಆ ಮೂವತ್ತಾರನ್ನು ಹೊಡೆದುಹಾಕಿ ಅರವತ್ತು ಬರೆದ. ಅಂತರ ಮೂವತ್ತು. ಚದರ ಮೀಟರಿಗೆ ಮೂವತ್ತು ವ್ಯಾಟು. ಐದು ಪಟ್ಟು. ಗೋಡೆ ಹನ್ನೆರಡು ಚದರ ಮೀಟರು. ಎಪ್ಪತ್ತೆರಡು ಎಂದುಕೊಂಡದ್ದು ಮುನ್ನೂರ ಅರವತ್ತು. ಚಾವಣಿಯನ್ನಿನ್ನೂ ಅವನು ಮುಟ್ಟಿರಲಿಲ್ಲ. ಆ ಹಾಳೆಯಲ್ಲೇ ಇನ್ನೊಂದು ಸಾಲಿದೆ, 'ಒಳಗಿರುವ ಜನ'. ತಣ್ಣನೆಯ ಕೋಣೆಯೊಳಗೆ ಕೆಲಸ ಮಾಡುವ ಕೂಲಿಯವರ ಮೈಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ತಲೆಗೆ ನೂರು ವ್ಯಾಟು. ಅಕ್ಕನ ಹಾಳೆಯಲ್ಲಿ ಅವನು 'ಒಬ್ಬರು' ಎಂದು ಬರೆದಿದ್ದ. ಲೆಕ್ಕ ತಪ್ಪಿ ಒಳನುಗ್ಗಿದ ಬಿಸಿಯನ್ನು ಹಾಗೆ ತಲೆಲೆಕ್ಕದಲ್ಲಿ ಎಣಿಸಿದರೆ, ಆ ಪುಟ್ಟ ರೂಮಿನಲ್ಲಿ ದಿನಾ ಮಧ್ಯಾಹ್ನ ಅಕ್ಕನ ಜೊತೆ ಹೆಚ್ಚುಕಡಿಮೆ ಇನ್ನೂ ಮೂರು ಜನ ಒತ್ತಿಕೊಂಡು ಕೂತಿದ್ದರು, ಎರಡು ವರ್ಷದಿಂದ, ಏಳದೆ.

ಅವಳು ಹೇಳಿರಲಿಲ್ಲವೆಂದಲ್ಲ. ಅದೇ ಈಗ ಚುಚ್ಚುತ್ತಿದ್ದುದು. ಮೊದಲನೆಯ ಬೇಸಿಗೆಯಲ್ಲೇ ಒಂದು ದಿನ ಅಕ್ಕ ಮೆಟ್ಟಿಲಿಳಿದು ಬಂದು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, "ಯಾಕೋ ಸಂಜೆ ಹೊತ್ತಿಗೆ ಒಳಗಿಂದ ಬೆಂಕಿ ಎದ್ದ ಹಾಗಾಗುತ್ತೆ ಕಣೋ. ತಲೆ ಸುತ್ತುತ್ತೆ. ಸೂಜಿಗೆ ದಾರ ಪೋಣಿಸೋಕಾಗಲ್ಲ" ಎಂದಿದ್ದಳು. ಅವನು ಪೇಪರಿನಿಂದ ಕಣ್ಣೆತ್ತದೆ, "ರೂಮು ತಂಪಾಗೇ ಇದೆಯಲ್ಲಕ್ಕ, ಲೆಕ್ಕ ನೋಡು ಬೇಕಿದ್ರೆ. ಈ ವಯಸ್ಸಿಗೆ ಹೆಂಗಸರಿಗೆ ಹಾಗಾಗುತ್ತಂತೆ. ಡಾಕ್ಟರಿಗೆ ತೋರಿಸು" ಎಂದಿದ್ದ. ಅಕ್ಕ ತಲೆಯಾಡಿಸಿದ್ದಳು. "ಹೌದು, ನಿನ್ನ ರೂಮಿಗೇನಾಗಿದೆ. ನನಗೇ ಏನೋ ಆಗಿದೆ." ಲೆಕ್ಕದ ಆ ಹಾಳೆಯನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ್ದಳು. ಬಟ್ಟೆ ಹೊಲಿಸಲು ಬರುವ ಹೆಂಗಸರಿಗೆ, "ನನ್ನ ತಮ್ಮ ಗೋಡೆ ಕಟ್ಟೋಕೆ ಮುಂಚೆ ಗೋಡೆ ಒಳಗೆ ಏನೇನು ನಡೆಯುತ್ತೆ ಅಂತ ಬರೆದುಬಿಟ್ಟಿದ್ದ" ಎಂದು ತೋರಿಸುತ್ತಿದ್ದಳು. ಅವನ ಕಿವಿಗೂ ಅದು ಬಿದ್ದಿತ್ತು. ಬೀಳಲಿ ಎಂದೇ ಮೆಟ್ಟಿಲ ಮೇಲೆ ಎರಡು ನಿಮಿಷ ನಿಂತಿದ್ದ. ಅಮ್ಮ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವಳು ಈ ಅಕ್ಕ. ಜ್ವರ ಬಂದರೆ ಹಣೆಯ ಮೇಲೆ ಕೈಯಿಟ್ಟು, "ನೂರಾ ಎರಡು, ನೂರಾ ಮೂರಿಲ್ಲ" ಎನ್ನುವಳು. ಕಾಂಪೌಂಡರು ಥರ್ಮಾಮೀಟರು ಹಾಕಿ ನೋಡಿದರೆ ನೂರಾ ಎರಡೇ. ಅಂಥ ಕೈಯಿದ್ದವಳು ದಿನಾ ಆ ಗೋಡೆ ಮುಟ್ಟುತ್ತಿದ್ದಳು. ಮುಟ್ಟಿ, ಕೈ ಸುಟ್ಟುಕೊಂಡು, ಬಾಗಿಲ ಹಿಂದಿನ ಹಾಳೆಯನ್ನು ನೋಡಿ, ಕೈಯನ್ನೇ ನಂಬದೆ ಹೋಗಿದ್ದಳು.

ಮಗಳು ಕೂಡ ಹೇಳಿದ್ದಳು, ಎಂಟು ವರ್ಷದ ಮಗು. ಭಾನುವಾರ ಮಧ್ಯಾಹ್ನ ಅವನು ಕೆಳಗೆ ಫ್ಯಾನಿನಡಿ ಬನಿಯನ್ನು ಹೊಟ್ಟೆಯ ಮೇಲಕ್ಕೆ ಸರಿಸಿಕೊಂಡು ಮಲಗಿದ್ದಾಗ ಓಡಿಬಂದು, "ಅಪ್ಪಾ, ಅತ್ತೆ ಗೋಡೆ ಸುಡುತ್ತೆ" ಎಂದಳು. ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹರಿಯುತ್ತದೆ, ಥರ್ಮೊಕೋಲಿನೊಳಗಿನ ಗಾಳಿ ಅದನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂದು ಅರ್ಧ ಗಂಟೆ ತಲೆ ತಿಂದಿದ್ದ. ಮಗು ಆಕಳಿಸಿ ಆಕಳಿಸಿ, ಕೊನೆಗೆ "ಸರಿ, ಸುಡಲ್ಲ" ಎಂದು ಒಪ್ಪಿಕೊಂಡು ಓಡಿಹೋಗಿತ್ತು. ಎದ್ದು ಹದಿನಾರು ಮೆಟ್ಟಿಲು ಹತ್ತಿದ್ದರೆ ಮುಗಿದುಹೋಗುತ್ತಿತ್ತು. ಮೂರರಿಂದ ಆರರ ನಡುವೆ ತಾನು ಆ ರೂಮಿನೊಳಗೆ ಒಮ್ಮೆಯಾದರೂ ಕಾಲಿಟ್ಟಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳಲು ನೋಡಿದ. ರೂಮು ಮುಗಿದ ಮಾರನೆಯ ದಿನ, ಚಳಿಗಾಲದ ಒಂದು ಬೆಳಿಗ್ಗೆ, ಥರ್ಮಾಮೀಟರು ಹಿಡಿದು ಹೋಗಿದ್ದ. ಇಪ್ಪತ್ತಾರು ತೋರಿಸಿತ್ತು. ಜಂಬದಿಂದ ಅದನ್ನೂ ಹಾಳೆಯ ಕೆಳಗೆ ಬರೆದು ಸಹಿ ಹಾಕಿದ್ದ. ಅಷ್ಟೇ. ಅದೇ ಮೊದಲು, ಅದೇ ಕೊನೆ.

ತಪ್ಪು ತಪ್ಪೇ, ಹೇಳಿಬಿಟ್ಟರಾಯಿತು ಎನ್ನುವಂಥ ದಿನವಾಗಿದ್ದರೆ ಅವನು ಇಷ್ಟು ಒದ್ದಾಡುತ್ತಿರಲಿಲ್ಲ. ಇವತ್ತೇ ಆಗಬೇಕಿತ್ತೇ ಇದು. ಬೇರೆ ಊರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಅಕ್ಕನಿಗೆ ಪತ್ರ ಬಂದಿತ್ತು, ಹೊಲಿಗೆ ಹೇಳಿಕೊಡುವುದಕ್ಕೆ ಮತ್ತು ವಾರ್ಡನ್ ಆಗಿರುವುದಕ್ಕೆ. ಇರುವುದಕ್ಕೆ ಅಲ್ಲೇ ಎರಡು ಕೋಣೆ, ನಲವತ್ತು ಹುಡುಗಿಯರು, ಹನ್ನೆರಡು ಮಿಷನ್ನು. ಪತ್ರ ಬಂದ ದಿನ ಅಕ್ಕ ಅದನ್ನು ನಾಲ್ಕು ಸಲ ಓದಿದ್ದಳು. ಓದಿ ಮಡಿಸಿ, ಮತ್ತೆ ಬಿಡಿಸಿ, "ಹನ್ನೆರಡು ಮಿಷನ್ನಂತೆ" ಎಂದಿದ್ದಳು. ಉತ್ತರಕ್ಕೆ ಇವತ್ತು ಸಂಜೆ ಐದರವರೆಗೆ ಗಡುವು. ಬೆಳಿಗ್ಗೆ ಅವನಿಗೆ ಟೀ ಕೊಡುತ್ತ ಅಕ್ಕ, "ಐದಕ್ಕೆ ಫೋನು ಮಾಡಿ ಆಗೋದಿಲ್ಲ ಅಂದುಬಿಡ್ತೀನಿ. ಈ ಮೈ ಕಟ್ಟಿಕೊಂಡು ನಲವತ್ತು ಮಕ್ಕಳ ಜವಾಬ್ದಾರಿ ಹೊತ್ಕೊಂಡ್ರೆ ಮರ್ಯಾದೆ ಉಳಿಯಲ್ಲ. ಅಲ್ಲಿ ಹೋಗಿ ಬಿದ್ಕೊಂಡ್ರೆ?" ಎಂದಳು. ಅವನು, "ನಿನ್ನಿಷ್ಟ ಅಕ್ಕ, ಆರೋಗ್ಯ ಮೊದಲು" ಎಂದ. ಒಳಗೆ ಹೆಂಡತಿ ತಟ್ಟೆ ಜೋಡಿಸುತ್ತಿದ್ದ ಸದ್ದು ಒಮ್ಮೆಗೇ ಹಗುರವಾಯಿತು. ಅವನ ಎದೆಯೂ ಹಗುರವಾಗಿತ್ತು, ಸುಳ್ಳೇಕೆ. ಅಕ್ಕ ಹೋದರೆ ನಾಲ್ಕು ಗಂಟೆಗೆ ಸ್ಕೂಲಿನಿಂದ ಬರುವ ಮಗಳಿಗೆ ಬಾಗಿಲು ತೆಗೆಯುವವರಿಲ್ಲ, ಅಡುಗೆಯಿಲ್ಲ, ಹೆಂಡತಿಯ ಕೆಲಸ ಬಿಡಿಸಬೇಕು. ಅದಕ್ಕಿಂತ ಹೆಚ್ಚಾಗಿ, ಅಕ್ಕನಿಲ್ಲದ ಮನೆ ಹೇಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ ಇರುತ್ತಾಳೆ. ಇಷ್ಟು ಸಣ್ಣ ಲೆಕ್ಕ ಅವನು ಶಾಲೆಯಲ್ಲೂ ಮಾಡಿರಲಿಲ್ಲ.

ಮಧ್ಯಾಹ್ನ ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿದ. ಹೆಂಡತಿ ಕೆಲಸ ಮಾಡುವ ಔಷಧಿ ಅಂಗಡಿಗೆ ಫೋನು ಮಾಡಿದ. ಅಕ್ಕನ ಮಾತ್ರೆಗಳನ್ನು ಎರಡು ವರ್ಷದಿಂದ ಅವಳೇ ಅಲ್ಲಿಂದ ತಂದುಕೊಡುತ್ತಿದ್ದುದು. ಹಿಂದುಗಡೆ ಗಿರಾಕಿಯೊಬ್ಬ ಕೆಮ್ಮಿನ ಔಷಧಿಗೆ ತಕರಾರು ಮಾಡುತ್ತಿದ್ದ. ಅವನು ತಡವರಿಸಿಕೊಂಡು ವಿಷಯ ಹೇಳಿದ. ಹೇಳುವಾಗ ಅರವತ್ತು, ಮೂವತ್ತಾರು, ಪಡುವಣ ಎಂದೆಲ್ಲ ಸುತ್ತುಬಳಸಿ ಹೇಳಿದ. "ಅಂದ್ರೆ?" ಎಂದಳು ಹೆಂಡತಿ. "ಅಂದ್ರೆ ಅಕ್ಕನಿಗೆ ಏನೂ ಆಗಿಲ್ಲ. ರೂಮು ಬೇಯ್ತಿದೆ." ಆ ಕಡೆ ಅವಳು ಗಿರಾಕಿಗೆ ಒಂದು ನಿಮಿಷ ತಡೀರಿ ಎಂದಳು. ಆಮೇಲೆ ಅವಳು ದನಿ ತಗ್ಗಿಸಿ, "ಇವತ್ತೇ ಹೇಳ್ಬೇಕಾ? ನಾಳೆ ಹೇಳಿದ್ರೆ ಗೋಡೆ ಎದ್ದು ಓಡಿಹೋಗುತ್ತಾ?" ಎಂದಳು. ಅವನು ಡಬ್ಬಿಯ ಮುಚ್ಚಳ ತಿರುಗಿಸಿದ. "ನಾನು ಕೆಟ್ಟವಳಲ್ಲರೀ" ಎಂದಳು. "ನಿಮಗೇ ಗೊತ್ತು. ಮಗೂನ ಯೋಚನೆ ಮಾಡಿ, ಅಷ್ಟೇ. ಗಿರಾಕಿ ಇದಾರೆ, ಇಡ್ತೀನಿ." ಅವಳು ಕೆಟ್ಟವಳಲ್ಲವೆಂದು ಅವನಿಗೂ ಗೊತ್ತಿತ್ತು. ತಾನು ಬಾಯಿಬಿಟ್ಟು ಕೇಳಲಾರದ್ದನ್ನು ಅವಳ ಬಾಯಿಂದ ಕೇಳಿಸಿಕೊಳ್ಳುವುದಕ್ಕೇ ಫೋನು ಮಾಡಿದೆನೆಂದು ಗೊತ್ತಾಗಿ ಅವನಿಗೆ ಅಸಹ್ಯವಾಯಿತು.

ಎರಡು ಗಂಟೆಗೆ ಅರ್ಧ ದಿನದ ರಜೆ ಬರೆದುಕೊಟ್ಟು ಹೊರಬಿದ್ದ. ಬಸ್ಸಿನಲ್ಲಿ ಕೂತವನು ಮನೆಯ ಸ್ಟಾಪಿಗೆ ಎರಡು ಸ್ಟಾಪು ಮುಂಚೆಯೇ ಇಳಿದ. ಕಾಲು ತಾನಾಗಿ ಥರ್ಮೊಕೋಲಿನ ಗೋಡೌನಿನ ಕಡೆಗೆ ನಡೆಯಿತು. ಬಿಳಿ ಹಲಗೆಗಳ ರಾಶಿಯ ನಡುವೆ, ಮೈತುಂಬ ಬಿಳಿ ಪುಡಿ ಮೆತ್ತಿಕೊಂಡು ಕೂತಿದ್ದ ಸಾಹುಕಾರ ಅವನನ್ನು ನೋಡಿದ್ದೇ, "ಬನ್ನಿ ಇಂಚು ಸಾರ್, ಎಷ್ಟಿಂಚು?" ಎಂದ. "ಎರಡು." "ಯಾವ ಪಾರ್ಟಿಗೆ?" "ಮನೆಗೆ." ಸಾಹುಕಾರ ಹೊಟ್ಟೆ ಕುಲುಕಿಸಿ ನಕ್ಕ. "ಮನೇಲೇ ಕೋಲ್ಡ್ ಸ್ಟೋರೇಜಾ? ಯಾರನ್ನ ಕೆಡದ ಹಾಗೆ ಇಟ್ಕೋಬೇಕು ಅಂತಿದೀರಿ?" ಬೇರೆ ದಿನವಾಗಿದ್ದರೆ ಅವನೂ ಒಂದು ಮಾತು ತಿರುಗಿಸಿ ಕೊಡುತ್ತಿದ್ದ. ಈಗ ಮುಖ ಕೆಂಪಗಾಯಿತು. ಆದರೂ ನಿಂತು ಲೆಕ್ಕ ಕೊಟ್ಟ. ಹನ್ನೆರಡು ಚದರ ಮೀಟರು, ಹೊರಗಡೆಯಿಂದ ಅಂಟಿಸಬೇಕು, ಮೇಲೆ ಜಾಲರಿ ಹಾಕಿ ಗಾರೆ, ಗಾರೆಯ ಮೇಲೆ ಸುಣ್ಣ. ನಾಳೆ ಬೆಳಿಗ್ಗೆ ಆಳು ಕಳಿಸಿದರೆ ಮೂರು ದಿನದಲ್ಲಿ ಕೆಲಸ ಮುಗಿಯುತ್ತದೆ. ಗೋಡೆ ತೇವ ಹಿಡೀತಿದೆ, ಅದಕ್ಕೆ ಮಾಡಿಸ್ತಿದೀನಿ ಎಂದರೆ ಅಕ್ಕ ಯಾಕೆ ನಂಬುವುದಿಲ್ಲ? ಅವನು ಹೇಳಿದ್ದನ್ನು ಅವಳು ನಂಬದೆ ಇದ್ದದ್ದು ಯಾವಾಗ? ವಾರದೊಳಗೆ ಸಂಜೆಯ ಬೆಂಕಿ ಆರುತ್ತದೆ. "ಈ ಸಲದ ಮಾತ್ರೆ ಚೆನ್ನಾಗಿ ಹಿಡೀತು ಕಣೋ" ಎನ್ನುತ್ತಾಳೆ. ಡಾಕ್ಟರಿಗೆ ಹೆಸರು ಬರುತ್ತದೆ, ಬರಲಿ ಬಿಡು. ಯಾರಿಗೂ ನಷ್ಟವಿಲ್ಲ. ಹಾಗೆಂದುಕೊಳ್ಳುತ್ತಿರುವಾಗಲೇ ಅವನಿಗೆ ಅಕ್ಕ ಆ ಪತ್ರವನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದ ಬೆರಳು ಕಾಣಿಸಿದವು. ಸಾಹುಕಾರ ಚೀಟಿ ಬರೆಯುತ್ತ, "ಬಿಸಿಲು ಬೀಳೋ ಗೋಡೇನಾ ಸಾರ್?" ಎಂದು ಕೇಳಿದ. ಏನೂ ಓದಿರದ ಸಾಹುಕಾರನಿಗೆ ತಾನಾಗಿ ಹೊಳೆದ ಪ್ರಶ್ನೆ ಅದು. "ಹೂಂ" ಎಂದ ಅವನು. "ಹಾಗಿದ್ರೆ ಎರಡಲ್ಲ, ಮೂರು ಹಾಕ್ಸಿ. ನಿಮಗೆ ನಾನು ಹೇಳ್ಬೇಕಾ?" ಎಂದು ಸಾಹುಕಾರ ಮತ್ತೆ ನಕ್ಕ. ಅವನು ಚೀಟಿ ಇಸಿದುಕೊಳ್ಳದೆ, ನಾಳೆ ಬರ್ತೀನಿ ಎಂದು ಗೊಣಗಿ, ಪುಡಿ ತುಂಬಿದ ಚಪ್ಪಲಿಯಲ್ಲಿ ರಸ್ತೆಗೆ ಬಂದ.

ಅಲ್ಲಿಂದ ಮನೆಗೆ ಹದಿನೈದು ನಿಮಿಷದ ದಾರಿ. ಅವನು ಮುಕ್ಕಾಲು ಗಂಟೆ ತೆಗೆದುಕೊಂಡ. ಒಂದು ಕಡೆ ನಿಂತು ಬೇಡದ ಟೀ ಕುಡಿದ. ಇನ್ನೊಂದು ಕಡೆ ನಿಂತು ಯಾರದೋ ಕಾಂಪೌಂಡಿನ ಗೋಡೆ ಮುಟ್ಟಿ ನೋಡಿದ. ಮೊದಲು ನೆರಳಿನ ಕಡೆ, ಆಮೇಲೆ ಬಿಸಿಲಿನ ಕಡೆ. ಬಿಸಿಲಿನ ಕಡೆ ಅಂಗೈ ಇಟ್ಟು ಎಣಿಸಿದ. ಒಂಬತ್ತು ಎನ್ನುವುದರೊಳಗೆ ಕೈ ತಾನಾಗಿ ಹಿಂದೆ ಬಂತು. ಒಳಗಿನಿಂದ ಒಬ್ಬ ಹೆಂಗಸು, "ಯಾರ್ರೀ ಅದು, ಏನ್ಬೇಕು?" ಎಂದಳು. ಏನೂ ಇಲ್ಲ ಎಂದು ಕಳ್ಳನಂತೆ ಸರಸರ ನಡೆದ. ನಡೆಯುತ್ತ ಅವನ ತಲೆ ತನ್ನ ಪರವಾಗಿ ವಕಾಲತ್ತು ನಡೆಸುತ್ತಿತ್ತು. ಎಲ್ಲರಿಗೂ ತಪ್ಪಾಗುತ್ತದೆ. ಅಕ್ಕನಿಗೆ ಮಂಡಿನೋವೂ ಇದೆ, ಅದಕ್ಕೂ ಗೋಡೆಗೂ ಏನು ಸಂಬಂಧ. ಅಲ್ಲಿಯ ಹುಡುಗಿಯರು ಹೇಗೋ ಏನೋ. ಅಪರಿಚಿತ ಊರು. ಎಲ್ಲ ನಿಜವೇ. ಆದರೆ ಒಂದೊಂದು ನಿಜ ಹೊಳೆದಾಗಲೂ ಅವನು ಮತ್ತಷ್ಟು ನಿಧಾನವಾಗುತ್ತಿದ್ದ. ಐದು ಗಂಟೆ ತಾನೇ ಬಂದು, ತಾನೇ ದಾಟಿಹೋಗಿ, ತನ್ನನ್ನು ಇದರಿಂದ ಪಾರು ಮಾಡಲಿ ಎಂದು ಕಾಯುತ್ತಿದ್ದಾನೆಂಬುದು ಅವನ ಕಾಲಿಗೇ ಗೊತ್ತಿತ್ತು.

ಮನೆ ಸೇರಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ಮಗಳು ಯೂನಿಫಾರ್ಮಿನಲ್ಲೇ ಬಾಗಿಲು ತೆಗೆದು, "ಅಪ್ಪಾ, ಇಷ್ಟು ಬೇಗ ಯಾಕೆ ಬಂದೆ? ಕೆಲಸದಿಂದ ತೆಗೆದ್ರಾ?" ಎಂದಳು. "ಅತ್ತೆ ಎಲ್ಲಿ?" "ಮೇಲೆ. ನನಗೆ ತಿನ್ನೋಕೆ ಕೊಟ್ಟು ಹೋದ್ರು." ಹದಿನಾರು ಮೆಟ್ಟಿಲು ಹತ್ತಿದ. ಅಕ್ಕ ಬಾಗಿಲು ಮುಂದೆ ಮಾಡಿಕೊಂಡು ಮಿಷನ್ನಿನ ಮುಂದೆ ಕೂತಿದ್ದಳು. ಬಾಗಿಲು ತೆರೆದರೆ ಎದುರಿನ ತಾರಸಿಯ ಬಿಸಿಗಾಳಿ ಬಡಿಯುತ್ತಿತ್ತು. ಕುತ್ತಿಗೆಗೆ ಒದ್ದೆ ಟವಲು ಸುತ್ತಿಕೊಂಡಿದ್ದಳು, ರವಿಕೆಯ ಬೆನ್ನು ಪೂರ್ತಿ ಅಂಟಿಕೊಂಡಿತ್ತು. ಪೆಡಲಿನ ಮೇಲೆ ಕಾಲಿತ್ತು, ಆದರೆ ತುಳಿಯುತ್ತಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೆ ಅವನ ಉಸಿರು ಅರ್ಧಕ್ಕೆ ನಿಂತಿತು. ಇದು ಅಂಕಿಯಲ್ಲ ಎನಿಸಿತು. ಮುನ್ನೂರ ಅರವತ್ತು ಎಂದು ಬರೆಯುವುದು ಬೇರೆ, ಅದರೊಳಗೆ ಕೂರುವುದು ಬೇರೆ. "ಏನೋ ಇದು, ಈ ಹೊತ್ತಲ್ಲಿ?" ಎಂದು ಅಕ್ಕ ಎದ್ದು ತನ್ನ ಸ್ಟೂಲು ಕೊಟ್ಟು ತಾನು ಮಂಚದ ಅಂಚಿಗೆ ಕೂತಳು. ಅವನು ಕೂತ. ಬೆನ್ನ ಹಿಂದೆಯೇ ಪಡುವಣ ಗೋಡೆ. ಮುಟ್ಟದಿದ್ದರೂ ಅದು ಅಲ್ಲಿದೆಯೆಂದು ಅಂಗಿಯೊಳಗೆ ಗೊತ್ತಾಗುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದ. "ಏನು ಹೊಲೀತಿದೀಯ?" ಎಂದ. "ಪಕ್ಕದ ಬೀದಿ ನರ್ಸಮ್ಮನ ಯೂನಿಫಾರಂ. ಒಂದು ತೋಳು ಕೂಡಿಸೋಕೆ ಮೂರು ದಿನದಿಂದ ಒದ್ದಾಡ್ತಿದೀನಿ. ಮೊದಲಾಗಿದ್ರೆ ಒಂದು ಗಂಟೆ ಕೆಲಸ" ಎಂದು ಅಕ್ಕ ನಾಚಿಕೊಂಡಳು. ಮಿಷನ್ನಿನ ಗಾಲಿಯನ್ನು ಸವರಿ, "ಇದು ನಿನ್ನ ಮಗಳಿಗೇ ಅಂತ ಹೇಳಿಬಿಟ್ಟಿದೀನಿ. ಕೈಲಾಗೋಷ್ಟು ದಿನ ನಾನು, ಆಮೇಲೆ ಅವಳು. ಈಗಲೇ ಕಲಿಸೋಣ ಅಂತ" ಎಂದಳು. ಐವತ್ತೆರಡು ವರ್ಷದ ಅಕ್ಕ ಕೊಡುವುದನ್ನೆಲ್ಲ ಕೊಟ್ಟು ಮುಗಿಸುವ ಮಾತಾಡುತ್ತಿದ್ದಳು. ಅವನು ಕೇಳುತ್ತ ಕೂತಿದ್ದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಯಿತು. ಉಗುರುಕಣ್ಣಿನವರೆಗೂ ಬಿಸಿ. ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಗೋಡೆಯ ಮೇಲಿನ ಗಡಿಯಾರದಲ್ಲಿ ನಾಲ್ಕೂ ಮೂವತ್ತೈದು.

ಅಕ್ಕ ಮಾತು ನಿಲ್ಲಿಸಿ ಅವನನ್ನೇ ನೋಡಿದಳು. ಮಂಚದಿಂದ ಎದ್ದು ಬಂದು ಹಣೆಯ ಮೇಲೆ ಕೈಯಿಟ್ಟಳು, ಕತ್ತಿನ ಮೇಲೆ ಇಟ್ಟಳು. ಅವಳ ಕೈಯೂ ಬಿಸಿ, ಅವನ ಹಣೆಯೂ ಬಿಸಿ. ಯಾವುದು ಯಾವುದಕ್ಕಿಂತ ಹೆಚ್ಚೆಂದು ಆ ಕೈಗೆ ಗೊತ್ತಾಗಲಿಲ್ಲ. "ಇದೇನೋ ಹೀಗೆ ಬೆವರ್ತಿದೀಯ? ತಲೆ ಸುತ್ತುತ್ತಾ? ಒಳಗಿಂದ ಬೆಂಕಿ ಎದ್ದ ಹಾಗಾಗುತ್ತಾ?" ಎಂದಳು. ಅವನು ತಲೆಯಾಡಿಸಿದ. ಅಕ್ಕನ ಮುಖ ಬಿಳಿಚಿಕೊಂಡಿತು. "ಅಯ್ಯೋ ಶಿವನೇ" ಎಂದು ಮೆಲ್ಲಗೆ ಹೇಳಿ, ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. "ನಿನಗೂ ಬಂತಾ? ಹಾಗಿದ್ರೆ ಇದು ವಯಸ್ಸಿಂದಲ್ಲ ಕಣೋ. ನಮ್ಮ ವಂಶದಲ್ಲೇ ಇರಬೇಕು. ಅಮ್ಮನಿಗೂ ಇತ್ತೋ ಏನೋ, ಯಾರು ನೋಡಿದ್ರು. ಹೆದರ್ಬೇಡ. ನಾನು ಎರಡು ವರ್ಷದಿಂದ ಇದನ್ನ ಕಟ್ಟಿಕೊಂಡು ಬದುಕಿಲ್ವಾ? ಒಂದು ಮಾತ್ರೆ ಇದೆ, ಕೊಡ್ತೀನಿ. ನಾಲಿಗೆ ಮೇಲಿಟ್ಟುಕೋ." ಅವಳು ಕಪಾಟಿನ ಕಡೆ ತಿರುಗಿ ಚೀಟಿಗಳ ನಡುವೆ ಮಾತ್ರೆ ಹುಡುಕತೊಡಗಿದಳು. ಗಾಬರಿಗೆ ಚೀಟಿಗಳೆಲ್ಲ ನೆಲಕ್ಕೆ ಬಿದ್ದವು. ತನಗೆ ಬಂದಾಗ ಹೆದರದವಳು ತಮ್ಮನಿಗೆ ಬಂತೆಂದು ಹೆದರಿದ್ದಳು. ಅವನಿಗೆ ಇನ್ನು ಕೂರಲಾಗಲಿಲ್ಲ.

"ಅಕ್ಕ, ಮಾತ್ರೆ ಬೇಡ" ಎಂದ. "ನನಗೇನೂ ಬಂದಿಲ್ಲ. ನಿನಗೂ ಏನೂ ಬಂದಿಲ್ಲ. ಈ ಬಿಸಿ ಗೋಡೇದು."

ಅಕ್ಕ ತಿರುಗಿದಳು. ಅವನು ಹೇಳಿದ. ಈ ಸಲ ಸುತ್ತುಬಳಸಲಿಲ್ಲ. ನಾವು ಕಟ್ಟೋ ಕೋಣೆಗಳಿಗೆ ಬಿಸಿಲು ಬೀಳಲ್ಲ, ಅದಕ್ಕೆ ನೆರಳಿನ ಅಂಕಿ ಬರೀತೀನಿ. ನಿನ್ನ ರೂಮಿಗೂ ಅದನ್ನೇ ಬರೆದುಬಿಟ್ಟೆ. ಬಿಸಿಲನ್ನ ಲೆಕ್ಕಕ್ಕೆ ಹಿಡೀಲೇ ಇಲ್ಲ. ಆರು ಅಂತ ಬರೆದಿದ್ದು ಮೂವತ್ತು. ನೀನು ಸುಡುತ್ತೆ ಅಂದಿದ್ದು ನಿಜ. ಮಗು ಸುಡುತ್ತೆ ಅಂದಿದ್ದೂ ನಿಜ. ನಾನು ಒಂದು ದಿನವೂ ಈ ಹೊತ್ತಲ್ಲಿ ಮೇಲೆ ಬಂದು ನೋಡಲಿಲ್ಲ. ಅಕ್ಕ ಬಾಗಿಲ ಹತ್ತಿರ ಹೋಗಿ, ಹಿಂದೆ ತೂಗುತ್ತಿದ್ದ ಹಾಳೆಯನ್ನು ಕವರಿನಿಂದ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಮೇಲಿಂದ ಕೆಳಗೆ ಬೆರಳಾಡಿಸಿದಳು. ಎರಡು ವರ್ಷ ಎಲ್ಲರಿಗೂ ತೋರಿಸಿದ ಹಾಳೆಯನ್ನು ಅವಳು ಓದುತ್ತಿರುವುದು ಇದೇ ಮೊದಲೆಂದು ಅವನಿಗೆ ಆಗ ಗೊತ್ತಾಯಿತು. ಅವನ ಸಹಿಯ ತನಕ ಬಂದು ಬೆರಳು ನಿಂತಿತು. ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟಳು. ಇಟ್ಟೇ ಇದ್ದಳು. ತೆಗೆದು ನೋಡಿಕೊಂಡಳು, ಕೆಂಪಗಾಗಿತ್ತು.

"ಯಾವಾಗ ಗೊತ್ತಾಯ್ತು ನಿನಗೆ?" ಎಂದಳು.

"ಬೆಳಿಗ್ಗೆ."

"ಬೆಳಿಗ್ಗೆ ಅಂದ್ರೆ?"

"ಹತ್ತೂವರೆಗೆ."

ಅಕ್ಕ ಗಡಿಯಾರ ನೋಡಿದಳು. ಐದಕ್ಕೆ ಹನ್ನೆರಡು ನಿಮಿಷ. "ಆಫೀಸಿಂದ ಮನೆಗೆ ಬಸ್ಸಲ್ಲಿ ಮುಕ್ಕಾಲು ಗಂಟೆ" ಎಂದಳು. ಅವನು ಹೂಂ ಎಂದ. "ಫೋನು ಮಾಡೋಕೆ ಒಂದು ನಿಮಿಷ." ಅವನು ಮತ್ತೆ ಹೂಂ ಎಂದ. ಅವಳ ದನಿ ಏರಲಿಲ್ಲ, ಹೊಲಿಗೆಯ ಅಳತೆ ತೆಗೆಯುವಾಗಿನ ದನಿಯೇ. "ಗೋಡೆ ವಿಷಯ ಬಿಡು. ಬರೆಯೋ ಕೈಗೆ ಒಂದು ತಪ್ಪಾಗುತ್ತೆ, ನಾನೂ ಎಷ್ಟೋ ಬಟ್ಟೆ ತಪ್ಪು ಕತ್ತರಿಸಿದೀನಿ. ಈ ಆರು ಗಂಟೆ ಏನ್ಮಾಡ್ತಿದ್ದೆ?"

ಅವನಿಗೆ ಸುಳ್ಳು ಹೇಳಬೇಕೆಂದೇ ಅನಿಸಿತು. ಕೆಲಸವಿತ್ತು, ಬಸ್ಸು ಸಿಗಲಿಲ್ಲ. ನಾಲಿಗೆ ತಿರುಗಲಿಲ್ಲ. "ಹೇಳಿದ್ರೆ ನೀನು ಹೋಗಿಬಿಡ್ತೀಯ ಅಂತ" ಎಂದ.

ಅಕ್ಕ, ಚಿಕ್ಕಂದಿನಲ್ಲಿ ಬಟ್ಟೆ ಹೊಲಿಯಲು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಅಡಿಯಿಂದ ಮುಡಿಯವರೆಗೆ ನೋಡುವಂತೆ ನೋಡಿದಳು. ಆಮೇಲೆ ಕತ್ತಿನ ಒದ್ದೆ ಟವಲು ತೆಗೆದು ಮಂಚದ ಕಂಬಕ್ಕೆ ಹಾಕಿ, ಹಾಸಿಗೆಯ ಅಡಿಯಿಂದ ಹಾಸ್ಟೆಲಿನ ಪತ್ರ ತೆಗೆದುಕೊಂಡು ಮೆಟ್ಟಿಲಿಳಿದಳು. ಫೋನಿದ್ದುದು ಕೆಳಗೆ, ಹಾಲಿನಲ್ಲಿ. ಅವನು ಹಿಂದೆಯೇ ಇಳಿದ. ಒಂದೊಂದು ಮೆಟ್ಟಿಲಿಗೂ ಗಾಳಿ ತಣ್ಣಗಾಗುತ್ತ ಬಂತು, ಆ ತಂಪಿಗೆ ಅವನಿಗೆ ನಾಚಿಕೆಯಾಯಿತು. ಮಗಳು ನೆಲದ ಮೇಲೆ ಮನೆಪಾಠ ಹರಡಿಕೊಂಡಿದ್ದವಳು ಇಬ್ಬರ ಮುಖ ನೋಡಿ ಪೆನ್ಸಿಲು ಬಾಯಲ್ಲಿಟ್ಟುಕೊಂಡು ಸುಮ್ಮನಾದಳು. ಅಕ್ಕ ಪತ್ರದಲ್ಲಿದ್ದ ನಂಬರನ್ನು ಒಂದೊಂದಾಗಿ ಒತ್ತಿದಳು. ಆ ಕಡೆ ಬೇಗನೇ ಎತ್ತಿದರು. ಅಕ್ಕ ತಾನು ಯಾರೆಂದು ಹೇಳಿ, "ಬರ್ತೀನಿ ಅಂತ ಹೇಳೋಕೆ ಮಾಡಿದೆ" ಎಂದಳು. ಆ ಕಡೆಯ ಹೆಂಗಸಿಗೆ ಸಂತೋಷವಾದದ್ದು ದೂರದಲ್ಲಿ ನಿಂತ ಅವನಿಗೂ ಕೇಳಿಸಿತು. ಯಾವಾಗ ಬರುತ್ತೀರಿ ಎಂದು ಕೇಳಿರಬೇಕು, "ಸೋಮವಾರವೇ ಬರ್ತೀನಿ" ಎಂದಳು ಅಕ್ಕ. ಇವತ್ತು ಶುಕ್ರವಾರ. ಅವನು ಗೋಡೆಗೆ ಒರಗಿ ನಿಂತ. ಒಳಗಿನ ಗೋಡೆ, ತಣ್ಣಗಿತ್ತು. ಆ ಕಡೆಯವಳು ಇನ್ನೇನನ್ನೋ ಕೇಳುತ್ತಿದ್ದಳು. ಹೋದ ವಾರ ನೀವು ಮೈಗೆ ಹುಷಾರಿಲ್ಲ, ಯೋಚನೆ ಮಾಡಬೇಕು ಅಂದಿದ್ದಿರಲ್ಲ, ಈಗ ಹೇಗಿದೀರಿ, ಎಂಥದೋ.

"ಅದಾ" ಎಂದಳು ಅಕ್ಕ. "ಇಲ್ಲ, ನನಗೇನೂ ಆಗಿರಲಿಲ್ಲ."

ಫೋನು ಇಟ್ಟಳು. ಅದರ ಮೇಲಿಂದ ಕೈ ತೆಗೆಯಲಿಲ್ಲ. ಅವನ ಕಡೆ ನೋಡದೆ, ಯಾರಿಗೆ ಹೇಳಿದಳೋ, ಇನ್ನೊಮ್ಮೆ ಹೇಳಿದಳು. "ಎರಡು ವರ್ಷ. ನನಗೇನೂ ಆಗಿರಲಿಲ್ಲ."